ತರಗತಿಯ ಟಿಪ್ಪಣಿ ವಿಕಿಪೀಡಿಯಕ್ಕೆ ಸಲ್ಲದೇಕೆ?

ಮಗ್ಗೆಯ ಶಾಲೆಯಲ್ಲಿ ಅಭ್ಯಾಸ ಪಾಠ ಮಾಡುವ ಪ್ರಶಿಕ್ಷಣಾರ್ಥಿ ಮಂಜರಾಬಾದ್ ಕೋಟೆಯ ಬಗ್ಗೆ ಪುಸ್ತಕದಿಂದ ಎರಡು ಪ್ಯಾರಾ ತೆಗೆದು ಕಪ್ಪುಹಲಗೆಯ ಮೇಲೆ ಬರೆದರೆ ತಪ್ಪಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಬೋಧನೆಯ ಸಂದರ್ಭಕ್ಕೆ ಆ ವಿನಾಯಿತಿ ಕೊಟ್ಟಿದೆ. ಅದೇ ಪ್ಯಾರಾಗಳನ್ನು ಕನ್ನಡ ವಿಕಿಪೀಡಿಯಕ್ಕೆ ಹಾಕಿದರೆ ಅಳಿಸುತ್ತಾರೆ. ಅಲ್ಲಿನ ಬರಹವನ್ನು ಯಾರು ಬೇಕಾದರೂ ತಿದ್ದಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಇನ್ನೊಬ್ಬರ ವಾಕ್ಯಗಳಿಗೆ ಅಂಥ ಅನುಮತಿ ಕೊಡಲು ನಾವು ಯಾರು? ಕೆಳಗೆ ‘ಕೃಪೆ’ ಎಂದು ಬರೆದರೂ ಸಾಲದು.

ಸಂಗತಿಗೆ ಮಾತ್ರ ಒಡೆಯರಿಲ್ಲ. ಕೋಟೆ ನಕ್ಷತ್ರಾಕಾರದ್ದು, ಟಿಪ್ಪು ಸುಲ್ತಾನ್ ಕಟ್ಟಿಸಿದ್ದು ಎಂಬುದನ್ನು ಪುಸ್ತಕ ಮುಚ್ಚಿಟ್ಟು ನಮ್ಮ ಮಾತಿನಲ್ಲಿ ಬರೆದು, ಆಧಾರವಾಗಿ ಆ ಪುಸ್ತಕವನ್ನು ಹೆಸರಿಸಬೇಕು. ಅಲ್ಲೊಂದು ಇಲ್ಲೊಂದು ಪದ ಬದಲಿಸಿದರೆ ಅದೂ ನಕಲೇ. ಚಿತ್ರವನ್ನು ನಾವೇ ತೆಗೆದಿದ್ದರೆ ತೊಡಕಿಲ್ಲ.

ಹಳೆಯ ಪುಸ್ತಕವೆಂದ ಮಾತ್ರಕ್ಕೆ ಮುಕ್ತವಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1991ರಲ್ಲಿ ನಿಧನರಾದರು. ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳ ಹಕ್ಕು 2051ರ ಕೊನೆಯವರೆಗೂ ಇದೆ. ಹಕ್ಕುದಾರರೇ ಒಪ್ಪಿದರೆ ಅಷ್ಟು ಕಾಯಬೇಕಿಲ್ಲ: ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಅಲ್ಲಿಂದ ತೆಗೆದುಕೊಳ್ಳುವಾಗಲೂ ಮೂಲವನ್ನು ಹೇಳಲೇಬೇಕು.