ಕೆಳಗೆ ಅಂಗಡಿ, ಮೇಲೆ ಮನೆ: ಎತ್ತರಕ್ಕೆ ಬೆಳೀತಿರೋ ದೆಹಲಿಗೆ ವಾಪಸ್ ಬರೋರು ಯಾರು?

ವಿಡಿಯೋ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲಿ ನಿಂತ್ಕೊಂಡು ಓದ್ತೀವಿ ಅನ್ನೋರಿಗೋಸ್ಕರ ಎಂದಿನಂತೆ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಕೆಲವು ಅಂಕಿಗಳನ್ನೂ ಸೇರಿಸಿದ್ದೇನೆ.

ಹೋದ ತಿಂಗಳು ನಮ್ಮ ಓನರ್ ಆಂಟಿ ಮೇಲೆ ಬಂದರು. ಚಹಾ ಕುಡಿದರು, ಮಗಳ ಸ್ಕೂಲ್ ಬಗ್ಗೆ ಕೇಳಿದರು, ಹೊರಡುವಾಗ ಬಾಗಿಲಲ್ಲಿ ನಿಂತು ವಿಷಯ ಹೇಳಿದರು. ಮನೆಯನ್ನ ಬಿಲ್ಡರ್‌ಗೆ ಕೊಡ್ತಿದ್ದಾರೆ, ಎರಡು ತಿಂಗಳಲ್ಲಿ ನಾವು ಖಾಲಿ ಮಾಡಬೇಕು. ಲಾಜಪತ ನಗರದ ಈ ಮನೆಯಲ್ಲಿ ನಾವು ಆರು ವರ್ಷದಿಂದ ಇದ್ದೇವೆ. ದೇಶ ವಿಭಜನೆ ಆದಮೇಲೆ ನಿರಾಶ್ರಿತರಿಗಾಗಿ ಎದ್ದ ಬಡಾವಣೆ ಇದು. ಆಂಟಿಯ ಮಾವ ಕಟ್ಟಿಸಿದ್ದ ಒಂದಂತಸ್ತಿನ ಮನೆ ಕಾಲಕ್ರಮೇಣ ಎರಡೂವರೆ ಅಂತಸ್ತಾಗಿತ್ತು. ಈಗ ಅದು ಪೂರ್ತಿ ಹೋಗಿ, ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಫ್ಲೋರ್, ಲಿಫ್ಟ್ ಬರುತ್ತೆ.

ಆಂಟಿ ಮೇಲೆ ನನಗೆ ಕೋಪ ಇಲ್ಲ. ಮೆಟ್ಟಿಲು ಹತ್ತೋಕೆ ಅವರ ಮಂಡಿ ಬಿಡಲ್ಲ, ಅವರಿಗೆ ಲಿಫ್ಟ್ ಬೇಕು. ಆದರೆ ಅವತ್ತು ರಾತ್ರಿ ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು: "ನಮಗೆ ಎಲ್ಲಾದ್ರೂ ಮನೆ ಸಿಗುತ್ತೆ ಬಿಡಿ, ಇಸ್ತ್ರಿ ಭಯ್ಯಾ ಎಲ್ಲಿಗೆ ಹೋಗ್ತಾನೆ?" ನಮ್ಮ ಮೆಟ್ಟಿಲ ಕೆಳಗಿನ ಆರಡಿ ಜಾಗದಲ್ಲಿ ಕಲ್ಲಿದ್ದಲ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಕೂರೋನು ಅವನು. ಅರ್ಧ ಬೀದಿಯ ಮನೆ ಕೀಲಿ ಅವನ ಹತ್ತಿರ ಇರುತ್ತೆ. ಕೊರಿಯರ್ ಬಂದರೆ ಅವನೇ ತಗೋತಾನೆ. ಮಗಳು ಸ್ಕೂಲ್ ಬಸ್ ಇಳಿದಾಗ ಅವನ ಕಣ್ಣು ಅವಳ ಮೇಲೆ ಇರುತ್ತೆ. ಹೊಸ ಕಟ್ಟಡದ ನಕ್ಷೆಯಲ್ಲಿ ಆ ಆರಡಿ ಇಲ್ಲ. ಅಲ್ಲಿ ಕಾರು ನಿಲ್ಲುತ್ತೆ.

ಇವತ್ತಿನ ವಿಷಯ ಇದೇ. ದೆಹಲಿಯ ಒಳಗಿನ ಬಡಾವಣೆಗಳು ಕೆಡವಿ ಎತ್ತರಕ್ಕೆ ಕಟ್ಟಿಸಿಕೊಳ್ತಿವೆ. ಇದು ಹೇಗೆ ನಡೆಯುತ್ತೆ, ದುಡ್ಡು ಎಲ್ಲಿಂದ ಬರುತ್ತೆ, ನಮ್ಮಂಥ ಬಾಡಿಗೆಯವರು ಇದರಲ್ಲಿ ಎಲ್ಲಿದ್ದೇವೆ, ನೋಡೋಣ.

ಮೊದಲು ಎಫ್‌ಎಆರ್ ಲೆಕ್ಕ

ಬೆಂಗಳೂರಿನ 30-40 ಸೈಟು ತಗೊಳ್ಳಿ. 1200 ಚದರಡಿ. ಎಫ್‌ಎಆರ್ 1.75 ಅಂದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ಅಷ್ಟೇ ಲೆಕ್ಕ. ಇದನ್ನೇ ದೆಹಲಿಯಲ್ಲಿ 175 ಅಂತ ಬರೀತಾರೆ. ಈ ಸಂಖ್ಯೆಯನ್ನ ಸರ್ಕಾರ ಏರಿಸಿದಾಗ, ಅದೇ ನೆಲದ ಮೇಲೆ ಹೊಸ ಆಸ್ತಿ ಹುಟ್ಟುತ್ತೆ. ಹಳೇ ಮನೆ ಕೆಡವೋಕೆ ಬೇಕಾದ ದುಡ್ಡು ಬರೋದು ಆ ಹೊಸ ಆಸ್ತಿಯನ್ನ ಮಾರಿ.

ನಮ್ಮ ಬೀದಿಯಲ್ಲಿ ಆಗ್ತಿರೋದೂ ಅದೇ. ಓನರ್ ಜಾಗ ಕೊಡ್ತಾರೆ, ಬಿಲ್ಡರ್ ತನ್ನ ಖರ್ಚಲ್ಲಿ ಕಟ್ಟಿ, ತನ್ನ ಪಾಲಿಗೆ ಒಂದು ಫ್ಲೋರ್ ಇಟ್ಕೊಂಡು ಮಾರ್ತಾನೆ. ಇದಕ್ಕೆ ಇಲ್ಲಿ 'ಕೊಲಾಬರೇಷನ್' ಅಂತಾರೆ. ಸ್ಟಿಲ್ಟ್ ಪಾರ್ಕಿಂಗ್ ಇದ್ದರೆ ಕಟ್ಟಡ 17.5 ಮೀಟರ್‌ವರೆಗೆ ಏರಬಹುದು. ಕಾರಿಗೆ ಜಾಗ ಬೇಕು ಅನ್ನೋ ನಿಯಮ ಒಳ್ಳೇದೇ. ಆದರೆ ಬೀದಿಗೆ ಬೀದಿಯೇ ಹೀಗೆ ಕಟ್ಟಿಕೊಂಡಾಗ ನೆಲಮಟ್ಟದಲ್ಲಿ ಮನುಷ್ಯರೇ ಇರೋದಿಲ್ಲ, ಸಾಲಾಗಿ ಗೇಟು, ಅದರ ಹಿಂದೆ ಬಂಪರ್‌ಗಳು. ಗುರುಗ್ರಾಮದಲ್ಲಿ ಇರೋರಿಗೆ ಈ ಜಗಳ ಗೊತ್ತು. ಸ್ಟಿಲ್ಟ್ ಮೇಲೆ ನಾಲ್ಕು ಫ್ಲೋರ್ ಕಟ್ಟೋ ಅನುಮತಿಯನ್ನ ಹರಿಯಾಣ ಸರ್ಕಾರ 2023ರ ಫೆಬ್ರವರಿಯಲ್ಲಿ ತಡೆಹಿಡಿದು, 2024ರ ಜುಲೈನಲ್ಲಿ ಷರತ್ತುಗಳ ಜೊತೆ ಮತ್ತೆ ಕೊಟ್ಟಿತು. ಅಕ್ಕಪಕ್ಕದವರ ಗೋಡೆ ಬಿರುಕು, ನೀರು, ಚರಂಡಿ, ಇವೇ ಆಗ ಎದ್ದ ದೂರುಗಳು.

ಪಿಂಕ್ ಲೈನ್ ಮೇಲೊಂದು ಭಾನುವಾರ

ಇದನ್ನೇ ಸರ್ಕಾರ ದೊಡ್ಡ ಮಟ್ಟದಲ್ಲಿ ಮಾಡಿದರೆ ಹೇಗಿರುತ್ತೆ ಅಂತ ನೋಡಬೇಕಾದರೆ ಲಾಜಪತ ನಗರದಲ್ಲಿ ಪಿಂಕ್ ಲೈನ್ ಹತ್ತಿ. ಭಾನುವಾರ ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಕಾರ್ಯಕ್ರಮಕ್ಕೆ ಹೋಗೋ ದಾರಿಯೂ ಇದೇ. ಸೌತ್ ಎಕ್ಸ್‌ಟೆನ್ಷನ್, ಐಎನ್‌ಎ, ಸರೋಜಿನಿ ನಗರ, ಭಿಕಾಜಿ ಕಾಮಾ ಪ್ಲೇಸ್, ಆಮೇಲೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೋತಿ ಬಾಗ್ ನಿಲ್ದಾಣ. ಮುಕ್ಕಾಲು ದಾರಿ ಸುರಂಗದಲ್ಲಿ ಹೋಗೋದರಿಂದ ಮೇಲೆ ಏನಾಗ್ತಿದೆ ಅಂತ ಗೊತ್ತಾಗೋದೇ ಇಲ್ಲ. ಒಂದು ಭಾನುವಾರ ನಾನು ಒಂದೊಂದು ನಿಲ್ದಾಣದಲ್ಲೂ ಇಳಿದು ಹತ್ತಿ ನೋಡಿದೆ.

ಐಎನ್‌ಎ ಹತ್ತಿರ ಈಸ್ಟ್ ಕಿದ್ವಾಯಿ ನಗರ. ಸುಮಾರು 86 ಎಕರೆ. ಕೇಂದ್ರ ಸರ್ಕಾರಿ ನೌಕರರ ಗಿಡ್ಡ ಕ್ವಾರ್ಟರ್ಸ್ ಇದ್ದ ಜಾಗದಲ್ಲಿ ಈಗ ಟವರ್‌ಗಳು, ಆಫೀಸ್ ಬ್ಲಾಕ್‌ಗಳು. ಮನೆಗಳು ಹೆಚ್ಚಾಗಿವೆ, ಕಾರುಗಳು ನೆಲದಡಿ ಹೋಗಿವೆ, ಒಳಗೆ ರಸ್ತೆ ಅಗಲವಾಗಿದೆ. ನೌಕರರಿಗೆ ಒಳ್ಳೇ ಮನೆ ಸಿಕ್ಕಿದೆ, ಅದನ್ನ ಮೊದಲು ಹೇಳಿಬಿಡ್ತೀನಿ. ಹಳೇ ಕ್ವಾರ್ಟರ್ಸ್‌ನ ಸೋರೋ ಛಾವಣಿ ನೋಡಿದವರು ಅದನ್ನ ಬೇಡ ಅನ್ನೋದಿಲ್ಲ.

ಇದಾದ ಮೇಲೆ 2016ರ ಜುಲೈನಲ್ಲಿ ಕೇಂದ್ರ ಸಂಪುಟ ಇಂಥ ಏಳು ಕಾಲೋನಿಗಳಿಗೆ ಒಪ್ಪಿಗೆ ಕೊಟ್ಟಿತು: ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ, ಕಸ್ತೂರ್‌ಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ, ಮೊಹಮ್ಮದ್‌ಪುರ. ಇದ್ದ 12,970 ಮನೆಗಳ ಜಾಗದಲ್ಲಿ ಸುಮಾರು 25,667 ಮನೆ. 30 ವರ್ಷದ ನಿರ್ವಹಣೆಯೂ ಸೇರಿ ಅಂದಾಜು 32,835 ಕೋಟಿ ರೂಪಾಯಿ. ಮೊದಲ ಮೂರು ಕಾಲೋನಿ ಎನ್‌ಬಿಸಿಸಿಗೆ, ಉಳಿದ ನಾಲ್ಕು ಸಿಪಿಡಬ್ಲ್ಯುಡಿಗೆ.

ಇಷ್ಟು ದುಡ್ಡು ಬಜೆಟ್ಟಿನಿಂದ ಬರಲ್ಲ, ವಾಣಿಜ್ಯ ಜಾಗ ಮಾರಿ ಬರಬೇಕು. ಆ ಭಾರ ಹೆಚ್ಚಾಗಿ ಬಿದ್ದಿದ್ದು ನೌರೋಜಿ ನಗರದ ಮೇಲೆ. ಭಿಕಾಜಿ ಕಾಮಾ ನಿಲ್ದಾಣದ ಹತ್ತಿರ ಹೊರಗೆ ಬಂದರೆ ಅಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್ ಎದ್ದಿದೆ. ಗಾಜಿನ ಆಫೀಸ್ ಕಟ್ಟಡಗಳು. ಸಂಸಾರಗಳು ಇದ್ದ ಕಾಲೋನಿಯಲ್ಲಿ ಹೊಸದಾಗಿ ಒಂದು ಮನೆಯನ್ನೂ ಕಟ್ಟಲಿಲ್ಲ. ಇದಕ್ಕೂ 'ಮಿಶ್ರ ಬಳಕೆ' ಅಂತಲೇ ಹೆಸರು. ಏಳು ಕಾಲೋನಿಗಳನ್ನ ಒಟ್ಟಿಗೆ ಕೂಡಿಸಿ ನೋಡಿದರೆ ಮನೆಯೂ ಇದೆ, ಆಫೀಸೂ ಇದೆ, ನಿಜ. ಆದರೆ ನಡೆದುಕೊಂಡು ಹೋಗೋನಿಗೆ ಒಂದು ಕಡೆ ಬರೀ ಮನೆ, ಇನ್ನೊಂದು ಕಡೆ ಬರೀ ಆಫೀಸ್.

ಮರಗಳ ಕಥೆ ನಿಮಗೆ ನೆನಪಿರಬಹುದು. 2018ರ ಜೂನ್‌ನಲ್ಲಿ ಸರೋಜಿನಿ ನಗರದ ಜನ ಮರಗಳನ್ನ ತಬ್ಬಿಕೊಂಡು ನಿಂತರು. ಈ ಯೋಜನೆಗಾಗಿ ಬೀಳಬೇಕಿದ್ದ ಮರಗಳು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಅಂತ ಪತ್ರಿಕೆಗಳಲ್ಲಿ ಬಂತು. ದೆಹಲಿ ಹೈಕೋರ್ಟ್ ಮರ ಕಡಿಯೋದನ್ನ ತಡೆಯಿತು, ನಕ್ಷೆ ತಿದ್ದುವುದಾಗಿ ಸರ್ಕಾರ ಹೇಳಿತು. ಒಂದು ಮರ ಕಡಿದರೆ ಹತ್ತು ಸಸಿ ನೆಡಬೇಕು ಅನ್ನೋ ನಿಯಮ ಇದೆ. ಆದರೆ ಸಸಿ ನೆಡೋದು ಊರಾಚೆ ಎಲ್ಲೋ. ಮೇ ತಿಂಗಳ ಮಧ್ಯಾಹ್ನ ಬಸ್ಸಿಗೆ ಕಾಯೋನಿಗೆ ಅದರ ನೆರಳು ಎಟುಕಲ್ಲ.

ಸಂಘದಲ್ಲಿ ಸಿಗೋ ಒಬ್ಬ ಹಿರಿಯರು ನೇತಾಜಿ ನಗರದ ಕ್ವಾರ್ಟರ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಹಿತ್ತಲಲ್ಲಿ ಕರಿಬೇವಿನ ಗಿಡ ಹಾಕಿದ್ದರಂತೆ. ಸುತ್ತಲಿನ ಕನ್ನಡ, ತಮಿಳು, ತೆಲುಗು ಮನೆಗಳೆಲ್ಲ ಒಗ್ಗರಣೆಗೆ ಅಲ್ಲಿಗೇ ಬರ್ತಿದ್ದವು. "ನನಗೆ ಪೆನ್ಷನ್ ಬರುತ್ತೆ, ನನ್ನ ಕ್ವಾರ್ಟರ್ಸ್ ಹೋಗಿದ್ದಕ್ಕೆ ಬೇಜಾರಿಲ್ಲ ಕಣಪ್ಪ. ನಮ್ಮ ಮನೆ ಕೆಲಸಕ್ಕೆ ಬರ್ತಿದ್ದವಳು ಹಿಂದಿನ ಸರ್ವೆಂಟ್ ರೂಮಲ್ಲಿ ಇದ್ದಳು. ಅವಳು ಎಲ್ಲಿಗೆ ಹೋದಳು ಅಂತ ನನಗೆ ಗೊತ್ತೇ ಆಗಲಿಲ್ಲ" ಅಂದರು. ನನ್ನ ಹೆಂಡತಿ ಕೇಳಿದ ಪ್ರಶ್ನೆಯೇ ಮತ್ತೆ ಬಂತು ನೋಡಿ.

ಗುಡಿಸಲಿನಲ್ಲೂ ಅದೇ ಪ್ರಶ್ನೆ

ಕೊಳೆಗೇರಿಗಳಲ್ಲೂ ಇದೇ ಲೆಕ್ಕ ನಡೀತಿದೆ. ಇದ್ದಲ್ಲೇ ಟವರ್ ಕಟ್ಟಿ ಅಲ್ಲಿನವರಿಗೇ ಮನೆ ಕೊಡೋದು ಡಿಡಿಎ ಯೋಜನೆ. ಕಾಲ್ಕಾಜಿಯಲ್ಲಿ ಭೂಮಿಹೀನ್ ಕ್ಯಾಂಪ್‌ನವರಿಗಾಗಿ 3,024 ಫ್ಲ್ಯಾಟ್ ಕಟ್ಟಿ 2022ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಕೊಳೆಗೇರಿ ಪಕ್ಕದಲ್ಲೇ ಲಿಫ್ಟ್ ಇರೋ ಮನೆ ಸಿಗೋದು ಸಣ್ಣ ವಿಷಯ ಅಲ್ಲ. ಆದರೆ 2015ರ ಜನವರಿ 1ಕ್ಕಿಂತ ಮುಂಚಿನಿಂದ ಅಲ್ಲಿದ್ದೆ ಅಂತ ಕಾಗದ ತೋರಿಸಬೇಕು. ತೋರಿಸಲಾಗದವರಿಗೆ ಮನೆ ಇಲ್ಲ.

ಶಾದಿಪುರದ ಕಠಪುತ್ಲಿ ಕಾಲೋನಿಯ ಸಮಸ್ಯೆ ಇನ್ನೊಂದು ಥರ. ಗೊಂಬೆಯಾಟ, ಜಾದೂ, ಡೋಲಿನವರು ಇದ್ದ ಜಾಗ ಅದು. 2009ರಲ್ಲಿ ಡಿಡಿಎ ಖಾಸಗಿ ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡಿತು, 2017ರಲ್ಲಿ ಕಾಲೋನಿ ನೆಲಸಮ ಆಯಿತು. ಅವರಿಗೆ ಮನೆಯೇ ವರ್ಕ್‌ಶಾಪ್. ಆಳೆತ್ತರದ ಗೊಂಬೆ, ಕಂಬದ ಮೇಲೆ ನಡೆಯೋರ ಕಾಲುಗಳು, ದೊಡ್ಡ ಡೋಲು, ಇವನ್ನ ಲಿಫ್ಟಲ್ಲಿ ಹತ್ತಿಸಿ ಸಣ್ಣ ಫ್ಲ್ಯಾಟಲ್ಲಿ ಇಡೋದು ಹೇಗೆ? ನಿಜವಾದ ಮಿಶ್ರ ಬಳಕೆ ಅಲ್ಲಿ ಮೊದಲೇ ಇತ್ತು. ಹೊಸ ಕಟ್ಟಡದಲ್ಲಿ ಅದಕ್ಕೆ ಜಾಗ ಸಿಗೋದು ಕಷ್ಟ.

ಮಿಶ್ರ ಅನ್ನೋದು ನಮಗೆ ಹೊಸದಲ್ಲ

ನಮ್ಮ ಚಿಕ್ಕಪೇಟೆ, ಬಳೇಪೇಟೆ ನೆನಪು ಮಾಡ್ಕೊಳ್ಳಿ. ಕೆಳಗೆ ಅಂಗಡಿ, ಮೇಲೆ ಮನೆ. ಹಳೇ ದೆಹಲಿಯೂ ಹಾಗೇ ಇತ್ತು. 1962ರ ಮಾಸ್ಟರ್ ಪ್ಲಾನ್ ಬಂದು ಮನೆ ಒಂದು ಕಡೆ, ಅಂಗಡಿ ಒಂದು ಕಡೆ, ಕಾರ್ಖಾನೆ ಒಂದು ಕಡೆ ಅಂತ ಗೆರೆ ಎಳೆಯಿತು. ಜನ ಆ ಗೆರೆಯನ್ನ ಪಾಲಿಸಲಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ವಸತಿ ಬೀದಿಗಳ ಅಂಗಡಿಗಳಿಗೆ ಸೀಲ್ ಬಿತ್ತು, ಇಡೀ ನಗರ ಬೀದಿಗೆ ಬಂತು. ಕೊನೆಗೆ 2007ರ ಫೆಬ್ರವರಿಯಲ್ಲಿ ಬಂದ ಹೊಸ ಮಾಸ್ಟರ್ ಪ್ಲಾನ್, ಗುರುತಿಸಿದ ಬೀದಿಗಳಲ್ಲಿ ಮನೆ ಕೆಳಗೆ ಅಂಗಡಿ ಇಡೋದನ್ನ ಒಪ್ಪಿಕೊಂಡಿತು. ಜನ ಬದುಕೋ ರೀತಿಯನ್ನ ಕಾನೂನು ನಲವತ್ತೈದು ವರ್ಷ ತಡವಾಗಿ ಒಪ್ಪಿದ ಹಾಗಾಯಿತು.

ಹಾಗಾಗಿ ನನಗೆ ಎತ್ತರದ ಮೇಲೆ ತಕರಾರಿಲ್ಲ. ಗುರುಗ್ರಾಮ, ಗ್ರೇಟರ್ ನೋಯ್ಡಾ ಅಂತ ನಗರ ಹೊಲಗಳ ಮೇಲೆ ಹರಡಿಕೊಂಡೇ ಹೋದರೆ ನಮ್ಮ ದಿನದ ಎರಡು ಮೂರು ಗಂಟೆ ರಸ್ತೆಯಲ್ಲೇ ಹೋಗುತ್ತೆ. ಮೆಟ್ರೋ ಪಕ್ಕದಲ್ಲಿ ಹೆಚ್ಚು ಜನ ಇರೋದೇ ಸರಿ. 2019ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆ ಆದ ಕಡ್ಕಡ್‌ಡೂಮಾ ಯೋಜನೆಯ ಹಿಂದಿರೋದೂ ಈ ಯೋಚನೆಯೇ. ನನ್ನ ತಕರಾರು ಇಷ್ಟೇ: ಎಷ್ಟು ಮಹಡಿ, ಎಷ್ಟು ಎಫ್‌ಎಆರ್ ಅಂತ ಅಳೀತೀವಿ, ಮೊದಲು ಇದ್ದವರಲ್ಲಿ ಎಷ್ಟು ಜನ ವಾಪಸ್ ಬಂದರು ಅಂತ ಯಾರೂ ಅಳೆಯೋದಿಲ್ಲ.

ಮತ್ತೆ ಇದನ್ನ ಬೇರೆಯವರ ತಪ್ಪು ಅಂತ ಹೇಳಿ ನಾವು ಪಾರಾಗೋ ಹಾಗಿಲ್ಲ. ಬಿಲ್ಡರ್ ಆ ನಾಲ್ಕು ಫ್ಲೋರ್ ಕಟ್ಟೋದು ನಮ್ಮಂಥ ಐಟಿಯವರ ಬಾಡಿಗೆ ನಂಬಿಕೊಂಡೇ. ನಾವು ಕೇಳೋದೂ ಲಿಫ್ಟ್, ಪಾರ್ಕಿಂಗ್, ಗೇಟು, ಗಾರ್ಡ್. ಮನೆ ಹುಡುಕುವಾಗ ಈ ಸಲ ನಾನು ಬೇರೆ ಮೂರು ವಿಷಯ ನೋಡ್ತಿದ್ದೇನೆ, ನೀವೂ ನೋಡಿ. ಒಂದು, ಕಟ್ಟಡದ ನೆಲಮಟ್ಟ ಬೀದಿಗೆ ತೆರೆದಿದೆಯಾ, ಬರೀ ಗೇಟಾ. ಎರಡು, ಹಾಲು, ಇಸ್ತ್ರಿ, ದರ್ಜಿ ನಡೆದು ಹೋಗೋ ದೂರದಲ್ಲಿ ಇದ್ದಾರಾ, ಅವರು ವಾಸ ಇರೋದು ಎಲ್ಲಿ. ಮೂರು, ಇಲ್ಲಿ ಮೊದಲು ಯಾರಿದ್ದರು, ಈಗ ಎಲ್ಲಿದ್ದಾರೆ. ಮೂರನೇದಕ್ಕೆ ಬ್ರೋಕರ್ ಹತ್ತಿರ ಉತ್ತರ ಇರಲ್ಲ, ಪಕ್ಕದ ಚಹಾ ಅಂಗಡಿಯಲ್ಲಿ ಕೇಳಿ.

ಇಸ್ತ್ರಿ ಭಯ್ಯಾ ವಿಷಯ ಆಂಟಿ ಹತ್ತಿರ ಮಾತಾಡಿದೆ. ಬಿಲ್ಡರ್‌ಗೆ ಹೇಳಿ ಪಾರ್ಕಿಂಗ್ ಮೂಲೆಯಲ್ಲಿ ಒಂದು ಮೇಜಿನಷ್ಟು ಜಾಗ ಬಿಡಿಸ್ತೀನಿ ಅಂದಿದ್ದಾರೆ. ಕಾಗದದಲ್ಲಿ ಬರೆಸಿ ಅಂದೆ. "ದೇಖ್ತೇ ಹೈಂ" ಅಂದರು. ದೆಹಲಿಯಲ್ಲಿ ಹತ್ತು ವರ್ಷ ಇದ್ದವರಿಗೆ ಆ ಮಾತಿನ ಅರ್ಥ ಗೊತ್ತಿರುತ್ತೆ. ಮುಂದಿನ ಭಾನುವಾರ ಮತ್ತೆ ಕೇಳ್ತೀನಿ.

ನಿಮ್ಮ ಬೀದಿಯಲ್ಲಿ ಇಂಥದ್ದು ಏನಾಗ್ತಿದೆ, ಬೆಂಗಳೂರಲ್ಲಿ ನಿಮ್ಮ ಅಪ್ಪನ ಮನೆಗೆ ಬಿಲ್ಡರ್ ಬಂದಿದ್ದಾನಾ, ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ. ನಮಸ್ಕಾರ.