ಕೆಂಪು ಇಂಜೆಕ್ಷನ್ ಶಕ್ತಿಗಲ್ಲ

ಕಳೆದ ಚಳಿಗಾಲದಲ್ಲಿ ಸ್ಕಂದಗಿರಿ ಹತ್ತಲು ಹೋಗಿದ್ದೆ. ಚಿಕ್ಕಬಳ್ಳಾಪುರದ ಸುತ್ತಮುತ್ತ ಕಳವಾರ ಬೆಟ್ಟ ಅಂತಾರಲ್ಲ, ಅದೇ. ಜೊತೆಗೆ ಬಂದಿದ್ದ ನಮ್ಮ ಚಿಕ್ಕಪ್ಪ ಅರ್ಧ ದಾರಿಯಲ್ಲೇ ಬಂಡೆ ಮೇಲೆ ಕೂತುಬಿಟ್ಟರು. ಸುಸ್ತಾಗಿ ಅಲ್ಲ. "ಕಾಲಿಗೆ ಕಲ್ಲು ತಾಗೋದೇ ಗೊತ್ತಾಗ್ತಿಲ್ಲ ಕಣೋ, ಹತ್ತಿ ಮೇಲೆ ನಡೆದಂಗಿದೆ" ಅಂದರು.

ಅವರಿಗೆ ಸಕ್ಕರೆ ಕಾಯಿಲೆ. ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ನುಂಗ್ತಿದ್ದಾರೆ. ಹಾಗಾಗಿ ಮನೆಯವರೆಲ್ಲ "ಶುಗರ್‌ದು ಬಿಡಿ" ಅಂದುಕೊಂಡಿದ್ದೆವು. ರಕ್ತ ಪರೀಕ್ಷೆ ಬೇರೆಯದನ್ನೇ ಹೇಳಿತು: ವಿಟಮಿನ್ ಬಿ12 ತೀರಾ ಕಡಿಮೆ.

ಇಂಜಿನಿಯರಿಂಗ್ ಓದಿದ ನನಗೆ ವೈರಿನ ಉದಾಹರಣೆಯೇ ಸುಲಭ. ತಾಮ್ರದ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತಲ್ಲ, ನಮ್ಮ ನರಗಳಿಗೂ ಅಂಥದ್ದೊಂದು ಇದೆ, ಹೆಸರು ಮಯಲಿನ್. ಅದನ್ನು ಸುಸ್ಥಿತಿಯಲ್ಲಿಡೋಕೆ ಬಿ12 ಬೇಕು. ಕೆಂಪು ರಕ್ತಕಣ ಸರಿಯಾಗಿ ಬೆಳೆಯೋಕೂ ಬೇಕು. ದಿನಕ್ಕೆ ಬೇಕಾಗೋದು ಎರಡು-ಎರಡೂವರೆ ಮೈಕ್ರೋಗ್ರಾಂ ಅಷ್ಟೇ. ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು!

ಮುದ್ದೆ, ಬಸ್ಸಾರು ತಿನ್ನೋರಿಗೆ ಏನು ಕೊರತೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ರಾಗಿಯಲ್ಲಿ ಸುಣ್ಣದ ಅಂಶ ಇದೆ, ಸೊಪ್ಪಿನಲ್ಲಿ ಫೋಲೇಟ್ ಇದೆ, ಆದರೆ ಎರಡರಲ್ಲೂ ಬಿ12 ಇಲ್ಲ. ಇದನ್ನು ತಯಾರಿಸೋದು ಸೂಕ್ಷ್ಮಜೀವಿಗಳು, ಗಿಡಗಳಲ್ಲ. ನಮಗೆ ಸಿಗೋದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಚಿಕ್ಕಪ್ಪ ಸಸ್ಯಾಹಾರಿ. ಮನೆಯಲ್ಲಿ ಎರಡು ಹಸು ಇವೆ, ಹಾಲೆಲ್ಲ ಡೈರಿಗೆ. ಉಳಿಯೋದು ಕಾಫಿಗಷ್ಟೇ.

ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ಕೆಲವರಿಗೆ ಕರುಳು ಬಿ12 ಹೀರೋದು ತಗ್ಗುತ್ತೆ. ಗ್ಯಾಸ್ಟ್ರಿಕ್‌ಗೆ ವರ್ಷಗಟ್ಟಲೆ ನುಂಗುವ ಒಮೆಪ್ರಜೋಲ್‌ನಂಥ ಮಾತ್ರೆಗಳದ್ದೂ ಅದೇ ಕಥೆ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರೋದರಿಂದ ಕೊರತೆ ತಕ್ಷಣ ಕಾಣಿಸಲ್ಲ. ಹಾಗಂತ ಮಾತ್ರೆ ನಿಲ್ಲಿಸಬೇಡಿ, ಬಿ12 ಪರೀಕ್ಷೆ ಮಾಡಿಸಬೇಕಾ ಅಂತ ವೈದ್ಯರನ್ನು ಕೇಳಿ.

ಇನ್ನೊಂದು ಮೋಸದ ವಿಷಯ ಇದೆ. ರಕ್ತ ಕಡಿಮೆ ಅಂತ ಬರೀ ಫೋಲಿಕ್ ಆ್ಯಸಿಡ್ ತಗೊಂಡರೆ ರಕ್ತದ ರಿಪೋರ್ಟ್ ಚೆನ್ನಾಗಿ ಬರಬಹುದು. ಒಳಗೆ ನರ ಹಾಳಾಗ್ತಾನೇ ಇರುತ್ತೆ. ತಡವಾದರೆ ಕೆಲವು ಹಾನಿ ಸರಿಹೋಗಲ್ಲ.

ಇನ್ನು ಆ ಕೆಂಪು ಇಂಜೆಕ್ಷನ್. ಬಿ12ನಲ್ಲಿ ಕೋಬಾಲ್ಟ್ ಇದೆ, ಅದಕ್ಕೇ ಆ ಕೆಂಪು. ಮಿಥೈಲ್‌ಕೋಬಾಲಮಿನ್, ಸಯನೋಕೋಬಾಲಮಿನ್ ಎರಡೂ ಅದರ ರೂಪಗಳೇ. "ಶಕ್ತಿ ಇಂಜೆಕ್ಷನ್ ಹಾಕಿ" ಅಂತ ಕ್ಲಿನಿಕ್‌ನಲ್ಲಿ ಹಠ ಹಿಡಿಯುವವರನ್ನು ನಾನೇ ನೋಡಿದ್ದೀನಿ. ಕೊರತೆ ಇಲ್ಲದವರಿಗೆ ಅದರಿಂದ ಶಕ್ತಿ ಬರಲ್ಲ, ಹೆಚ್ಚಾಗಿದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತೆ. ದುಡ್ಡೂ ಅದರ ಜೊತೆಗೇ.

ಚಿಕ್ಕಪ್ಪನಿಗೆ ಮೊದಲು ಇಂಜೆಕ್ಷನ್ ಕೊಟ್ಟರು, ಈಗ ಮಾತ್ರೆ. ಜೋಮು ಎಷ್ಟೋ ಕಡಿಮೆಯಾಗಿದೆ. ಎಡಗಾಲಿನ ಹೆಬ್ಬೆರಳು ಮಾತ್ರ ಇನ್ನೂ ಮರಗಟ್ಟಿದೆ. ಡೈರಿಗೆ ಹೋಗೋ ಕ್ಯಾನಿನಿಂದ ಚಿಕ್ಕಮ್ಮ ಈಗ ದಿನಾ ಅರ್ಧ ಲೀಟರ್ ತೆಗೆದಿಡ್ತಾರೆ.