ನಮ್ಮ ಮನಿ ಚಿಮಣಿ ಎಣ್ಣಿ ನಮ್ಮದೇ ಟ್ರ್ಯಾಕ್ಟರಿನಾಗ!

1998ರ ಹಿಂಗಾರಿ. ಸೂಡಿಯ ನಮ್ಮ ಎರೆಹೊಲಕ್ಕೆ ಒಳ್ಳೆ ಹಸಿ ಆಗಿತ್ತು. ಎರೆಭೂಮಿ ಗುಣ ನಿಮಗೂ ಗೊತ್ತು. ಹದ ಬಂದ ನಾಲ್ಕಾರು ದಿನದಾಗ ಕಡಲೆ ಬೀಜ ಮಣ್ಣಿಗೆ ಬೀಳಬೇಕು. ತಪ್ಪಿದರೆ ಮೇಲಿನ ಹಸಿ ಆರಿ ನೆಲ ಬಿರಿಯುತ್ತದೆ.

ಅಣ್ಣತಮ್ಮಂದಿರು ಕೂಡಿ ಒಂದು ಹಳೇ ಟ್ರ್ಯಾಕ್ಟರ್ ಇಟ್ಟಿದ್ದೆವು. ಬ್ಯಾರಲ್‌ನಲ್ಲಿ ಸೋವಿ ಡೀಸೆಲ್ ಮಾರುವವನೊಬ್ಬ ಲೀಟರಿಗೆ ಎರಡು ರೂಪಾಯಿ ಕಮ್ಮಿ ಅಂದ. ನಲವತ್ತು ಲೀಟರ್ ಹಾಕಿಸಿದೆ. ಮರುದಿನ ಇಂಜಿನ್ ಕುಕ್ಕರಿಸಿತು. ಗಜೇಂದ್ರಗಡದ ಮಿಸ್ತ್ರಿ ಪಂಪು ಬಿಚ್ಚಿ ಮೂಸಿ ನೋಡಿ, "ಇದರಾಗ ಡೀಸೆಲ್‌ಗಿಂತ ಚಿಮಣಿ ಎಣ್ಣೀನ ಜಾಸ್ತಿ ಐತಿ" ಅಂದ. ಪಂಪು, ನಾಜಲ್ ರಿಪೇರಿಗೆ 2,600 ರೂಪಾಯಿ, ಆರು ದಿನ. ಎಂಟು ಎಕರೆ ತಡವಾಗಿ ಬಿತ್ತಿದೆವು. ಎಕರೆಗೆ ನಾಲ್ಕು ಕ್ವಿಂಟಲ್ ಬರುವಲ್ಲಿ ಎರಡು ಬಂತು. ಉಳಿಸಿದ್ದು 80 ರೂಪಾಯಿ!

ಆ ತಿಂಗಳು ರೇಶನ್ ಅಂಗಡಿಯಲ್ಲಿ ಎಣ್ಣೆ ಬಂದಿಲ್ಲ ಅಂತ ನಮ್ಮ ಮನಿಯಾಕಿ ಎರಡು ಸಲ ಬರಿ ಡಬ್ಬಿ ಹಿಡಿದು ತಿರುಗಿ ಬಂದಿದ್ದಳು. ಮಿಸ್ತ್ರಿ ಮಾತು ಹೇಳಿದೆ. "ಮತ್ತ ನಮ್ಮ ಕಂದೀಲಿನ ಎಣ್ಣಿ ಎಲ್ಲಿ ಹೋತು ಅಂತಿದ್ರಲ್ಲ, ನಿಮ್ಮ ಟ್ರ್ಯಾಕ್ಟರಿನಾಗ ಐತಿ ನೋಡ್ರಿ" ಅಂದಳು. ಆ ಮಾತು ಇವತ್ತಿಗೂ ಮರೆತಿಲ್ಲ.

ಮೂಲ ಎಲ್ಲಿ?

ಬಡವರ ಒಲೆ, ದೀಪಕ್ಕೆ ಅಂತ ಸರಕಾರ ಸೀಮೆಎಣ್ಣೆಗೆ ಸಹಾಯಧನ ಕೊಟ್ಟು, ಡೀಸೆಲ್‌ನ ಅರ್ಧಕ್ಕಿಂತ ಕಡಿಮೆ ದರದಲ್ಲಿ ಕೊಡುತ್ತಿತ್ತು. ಎರಡೂ ಎಣ್ಣೆ ಸಲೀಸಾಗಿ ಬೆರೆಯುತ್ತವೆ. ದರದ ಅಂತರವೇ ಕಳ್ಳನಿಗೆ ಕೂಲಿ. ಆದರೆ ಡೀಸೆಲ್ ಪಂಪಿಗೆ ಜಿಡ್ಡನ್ನೂ ಕೊಡುತ್ತದೆ, ಸೀಮೆಎಣ್ಣೆ ತೆಳು. ಅದಕ್ಕೇ ಪಂಪು ಸವೆಯುವುದು.

ಕಾನೂನು ಇರಲಿಲ್ಲ ಅಂತಲ್ಲ. 1955ರ ಅಗತ್ಯ ವಸ್ತುಗಳ ಕಾಯ್ದೆ ಇತ್ತು. ಅದರಡಿ 1993ರಲ್ಲಿ ಬಂದ ಸೀಮೆಎಣ್ಣೆ ಆದೇಶದ ಪ್ರಕಾರ ರೇಶನ್ ಎಣ್ಣೆ ಅಡಿಗೆ ಮತ್ತು ದೀಪಕ್ಕೆ ಮಾತ್ರ. ಗುರುತಿಗೆ ನೀಲಿ ಬಣ್ಣ. ಕಳ್ಳರು ಆ ಬಣ್ಣವನ್ನೂ ಮಣ್ಣಿನಲ್ಲಿ ಸೋಸಿ ತೆಗೆದರು. 2006ರಲ್ಲಿ ಕಣ್ಣಿಗೆ ಕಾಣದ ಗುರುತು ದ್ರಾವಣ ಬೆರೆಸಿ ನೋಡಿದರು. ಅದೂ ಎರಡು-ಮೂರು ವರ್ಷದಲ್ಲಿ ನಿಂತಿತು.

ಹಿಡಿಯಲು ಹೋದವರು ಜೀವ ತೆತ್ತರು. ನಮ್ಮ ಕೋಲಾರ ಚಿನ್ನದ ಗಣಿಯ ಊರಲ್ಲಿ ಬೆಳೆದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿ. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಪಂಪಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ವಯಸ್ಸು 27. ಮಹಾರಾಷ್ಟ್ರದ ಮನಮಾಡ ಹತ್ತಿರ ಅಪರ ಜಿಲ್ಲಾಧಿಕಾರಿ ಯಶವಂತ ಸೋನಾವಣೆಯವರನ್ನು 2011ರ ಜನವರಿ 25ರಂದು ಎಣ್ಣೆ ಕಳ್ಳರು ಜೀವಂತ ಸುಟ್ಟರು.

ನಾವೂ ತಪ್ಪಿತಸ್ಥರೇ

ಬರೇ ಕಳ್ಳರನ್ನು ಬೈದರೆ ನ್ಯಾಯ ಆಗದು. ಹಳ್ಳದ ದಂಡೆಗೆ ನನ್ನದೊಂದು ಪೆಟ್ರೋಲಿನಿಂದ ಚಾಲೂ ಆಗಿ ಸೀಮೆಎಣ್ಣೆಯಿಂದ ಓಡುವ ಸಣ್ಣ ಪಂಪಸೆಟ್ ಇತ್ತು. ಅದಕ್ಕೆ ರೇಶನ್ ಎಣ್ಣೆಯನ್ನೇ ಸುರಿದಿದ್ದೇನೆ. ಕರೆಂಟ್ ಇಲ್ಲ, ಬೆಳೆ ಬಾಡುತ್ತಿದೆ, ಇನ್ನೇನು ಮಾಡಲಿ ಅನ್ನುವುದು ನನ್ನ ಸಮಾಧಾನ. ಕಾನೂನಿಗೆ ಅದೂ ದುರುಪಯೋಗವೇ. ದೀಪ ಕುಂದಿಸಿ ಪೈರಿಗೆ ನೀರು ಕೊಟ್ಟಂಗಾತು.

ದರ ಇಳಿಸುವುದೋ, ಖಾತೆಗೆ ಹಾಕುವುದೋ?

ಇಂಗ್ಲೆಂಡಿನ ರೈತರಿಗೆ ಕಡಿಮೆ ಸುಂಕದ ಕೆಂಪು ಡೀಸೆಲ್ ಉಂಟು. ರಸ್ತೆಯ ಮೇಲೆ ಓಡುವ ಲಾರಿಯ ಟ್ಯಾಂಕಿನಲ್ಲಿ ಕೆಂಪು ಕಂಡರೆ ದಂಡ. ಅಲ್ಲಿಯೂ ಬಣ್ಣ ತೆಗೆಯುವ ಕಳ್ಳರಿದ್ದಾರೆ. ನಮ್ಮಲ್ಲಿ 2016ರಿಂದ ರೇಶನ್ ಸೀಮೆಎಣ್ಣೆ ದರವನ್ನು ಹಂತಹಂತವಾಗಿ 25 ಪೈಸೆಯಂತೆ ಏರಿಸುತ್ತ ಬಂದು, 2020ರ ಹೊತ್ತಿಗೆ ಸಹಾಯಧನ ಮುಗಿಸಿದರು. ಅಷ್ಟರಲ್ಲಿ ಹಳ್ಳಿಗೆ ಗ್ಯಾಸೂ ಬಂದಿತ್ತು. ಪೊಲೀಸರಿಂದ ಆಗದ್ದು ದರದ ಅಂತರ ಅಳಿದಾಗ ಆಯಿತು. 2022-23ರಲ್ಲಿ ಕರ್ನಾಟಕ ಸರಕಾರ ತಂದ ರೈತಶಕ್ತಿ ಯೋಜನೆ ಡೀಸೆಲ್ ದರ ಇಳಿಸಲಿಲ್ಲ. ಎಕರೆಗೆ 250 ರೂಪಾಯಿ, ಐದು ಎಕರೆಯವರೆಗೆ, ನೇರ ಖಾತೆಗೆ. ಹಣ ಸಾಲದು ಅನ್ನಿ, ಒಪ್ಪುವೆ. ಆದರೆ ದಾರಿ ಸರಿ. ಎಣ್ಣೆಯಲ್ಲಿ ಸಹಾಯ ಬೆರೆಸಿದರೆ ಎಣ್ಣೆ ಕದಿಯುತ್ತಾರೆ.

ಹಾಗಂತ ಮೈಮರೆಯಬೇಡಿ. ಡೀಸೆಲ್‌ಗಿಂತ ಸೋವಿಯಾದ ಎಣ್ಣೆ ಬೇರೆ ಹೆಸರಿನಲ್ಲಿ ಬಂದೀತು. ನಾನು ಪಾಲಿಸುವುದು ಇಷ್ಟು:

* ಬ್ಯಾರಲ್ ಎಣ್ಣೆ ಕೊಳ್ಳುವುದಿಲ್ಲ. ಪಂಪಿನಲ್ಲೇ ಹಾಕಿಸಿ ರಸೀದಿ ಇಡುತ್ತೇನೆ.
* ಸಂಶಯ ಬಂದರೆ ಸಾಂದ್ರತೆ ತೋರಿಸಿರಿ ಅಂತ ಕೇಳುತ್ತೇನೆ. ಪಂಪಿನವರು ಅಳೆದು ತೋರಿಸಬೇಕು. ಬಂದ ಸರಕಿನ ದಾಖಲೆಗೂ ಇದಕ್ಕೂ 0.003ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.
* ಅಳತೆಗೆ ಮುದ್ರೆ ಹಾಕಿದ ಐದು ಲೀಟರ್ ಮಾಪು ಅಲ್ಲೇ ಇರುತ್ತದೆ. ಕೇಳುವುದು ನಮ್ಮ ಹಕ್ಕು.

ಕೇಳಲು ನಾಚಬೇಡಿ. ಎರಡು ರೂಪಾಯಿ ಆಸೆಗೆ ನಾನು ಒಂದು ಹಿಂಗಾರಿಯನ್ನೇ ಅರ್ಧ ಕಳೆದುಕೊಂಡವ.